ಬೂತಿನ ಎದುರಿಗೆ ಕರು ಹಾಕಿದ ಕೆಂಪಿ

ಎಪ್ಪತ್ತರ ದಶಕದಲ್ಲಿ ನಮ್ಮ ಕಡೆ ಪಕ್ಷದ ಹೆಸರು ಯಾರಿಗೆ ಬೇಕಾಗಿತ್ತು? ಹಸು-ಕರುವಿನವರು, ಕುದುರೆಯವರು, ಹುಂಜದವನು ಅಂದರೆ ಸಾಕು, ಕಣ್ಣು ಮಂಜಾದ ಮುದುಕಿಯರಿಗೂ ತಿಳಿಯುತ್ತಿತ್ತು. ಚುನಾವಣೆ ಬಂತೆಂದರೆ ನಮಗೆ ಹಬ್ಬ. ಜೀಪಿನ ಹಿಂದೆ ಓಡಿ ಚೀಟಿ ಹೆಕ್ಕುವುದು, ತಗಡಿನ ಬಿಲ್ಲೆಯನ್ನು ಲಂಗಕ್ಕೆ ಚುಚ್ಚಿಕೊಳ್ಳುವುದು, ಬೆಳಿಗ್ಗೆ ಒಬ್ಬರಿಗೆ ಜೈ, ಸಂಜೆ ಇನ್ನೊಬ್ಬರಿಗೆ ಜೈ. ನಮ್ಮಂಥ ನಾಚಿಕೆಗೆಟ್ಟ ಕಾರ್ಯಕರ್ತರು ಯಾವ ಪಕ್ಷಕ್ಕೂ ಸಿಕ್ಕಿರಲಾರರು.

ನಮ್ಮೂರು ದಬ್ಬೇಘಟ್ಟದ ಹತ್ತಿರ. ಮನೆ ಶಾಲೆಯ ಎದುರಿಗೇ, ಶಾಲೆಯೇ ಓಟಿನ ಬೂತು. ಅಪ್ಪ ಹಸು-ಕರುವಿನ ಪಕ್ಷ. ಅವನ ತಮ್ಮ ಸಿದ್ದು ಚಿಕ್ಕಪ್ಪ ಕುದುರೆಯವರ ಏಜೆಂಟು. ಹಗಲೆಲ್ಲ ಅರಳಿಕಟ್ಟೆಯಲ್ಲಿ ಕಿತ್ತಾಡಿದವರು ರಾತ್ರಿ ಒಟ್ಟಿಗೆ ಕೂತು ಹುರುಳಿ ಸಾರಿನಲ್ಲಿ ಮುದ್ದೆ ಉಣ್ಣುತ್ತಿದ್ದರು.

ಆ ಸಲ ಓಟಿನ ದಿನ ಬೆಳಕು ಹರಿಯುವ ಹೊತ್ತಿಗೆ ನಮ್ಮ ಕೆಂಪಿ ಹಸು ಈಯಿತು. ಕರು ಸಿಕ್ಕಿಕೊಂಡಿತ್ತು. ಚಿಕ್ಕಪ್ಪನೇ ಕೈಗೆ ಎಣ್ಣೆ ಸವರಿಕೊಂಡು ಎಳೆದು, ಮೂಗಿನ ಲೋಳೆ ಒರೆಸಿ, "ಹೆಣ್ಗರು ಕಣಣ್ಣೋ!" ಎಂದು ಕೂಗಿದ. ಹಿಂದಿನ ಸೂಲಿನ ಕರು ಉಳಿದಿರಲಿಲ್ಲ, ಹಾಗಾಗಿ ಅಮ್ಮ ಕಣ್ಣೊರೆಸಿಕೊಂಡಳು. ಸುಸ್ತಾದ ಕೆಂಪಿ ಕೊಟ್ಟಿಗೆಯ ಮುಂದೆಯೇ ಮಲಗಿ ಕರುವನ್ನು ನೆಕ್ಕತೊಡಗಿತು.

ಕರು ಇನ್ನೂ ಎದ್ದು ನಿಂತಿರಲಿಲ್ಲ, ಅಷ್ಟರಲ್ಲಿ ಕುದುರೆಯವರ ಲೀಡರು ತುರುವೇಕೆರೆಯಿಂದ ಜೀಪಿನಲ್ಲಿ ಬಂದಿಳಿದ. ಬೂತಿನ ಎದುರಿಗೆ ಹಸು, ಹಸುವಿನ ಮಗ್ಗುಲಲ್ಲಿ ಕರು. ಕೆಂಡವಾದ.

"ಬೂತ್ ಮುಂದೆ ಗುರ್ತು ತಂದು ಕಟ್ಟವ್ರೆ, ನೋಡ್ಕಂಡು ನಿಂತಿದೀಯಲ್ಲೋ! ಹೋಗಿ ಕಂಪ್ಲೇಂಟ್ ಕೊಡು."

"ಈಗಿನ್ನೂ ಈದೈತೆ ಕಣ್ರೀ," ಅಂದ ಚಿಕ್ಕಪ್ಪ.

"ಇವತ್ತೇ ಈಯ್ಬೇಕಿತ್ತಾ? ನೀನು ನಮ್ಮ ಏಜೆಂಟೋ, ನಿಮ್ಮಣ್ಣನ ಏಜೆಂಟೋ?"

ಸಾಲಿನಲ್ಲಿ ನಿಂತವರೆಲ್ಲ ಚಿಕ್ಕಪ್ಪನ ಮುಖವನ್ನೇ ನೋಡುತ್ತಿದ್ದರು. ಅವನು ಹೋಗಿ ದೂರು ಕೊಟ್ಟ.

ಓಟಿನ ಅಧಿಕಾರಿ ಕೆಟ್ಟವರಲ್ಲ, ಹೆದರುಪುಕ್ಕಲರು. "ಬರೀ ಹಸು ಇದ್ದರೆ ಗುರುತಲ್ಲ, ಬರೀ ಕರು ಇದ್ದರೂ ಅಲ್ಲ. ಎರಡೂ ಜೊತೆಗಿರಬಾರದು, ಅಷ್ಟೇ. ಓಟು ಮುಗಿಯೋವರೆಗೂ ಕರುವನ್ನು ಒಳಗಿಡಿ," ಅಂದರು. ಅಮ್ಮ ತೆಂಗಿನ ಗರಿಯ ತಟ್ಟಿ ಮರೆ ಕಟ್ಟುತ್ತೇವೆ ಅಂದಳು. "ಮರೆ ಕಟ್ಟಿದ್ರೆ ಒಳಗೇನೈತೆ ಅಂತ ಜನ ಕ್ಯೂ ಬಿಟ್ಟು ಅಲ್ಲಿಗೇ ಹೋಗ್ತಾರೆ," ಅಂದ ಲೀಡರು. ಆಹಾ, ಎಂಥ ತಲೆ!

ಅಪ್ಪ ಕರುವನ್ನು ಹೊತ್ತು ತಂದು ಹಿಂದಿನ ಕೊಬ್ಬರಿ ಕೋಣೆಯಲ್ಲಿ ಇಳಿಸಿದ. ಕೆಂಪಿಯನ್ನೂ ತರೋಣವೆಂದರೆ ಅದು ಏಳುವ ಸ್ಥಿತಿಯಲ್ಲಿರಲಿಲ್ಲ, ಎದ್ದರೂ ಆ ಗಿಡ್ಡ ಬಾಗಿಲಲ್ಲಿ ತೂರುತ್ತಿರಲಿಲ್ಲ. ನನ್ನನ್ನೂ ಒಳಗೆ ನೂಕಿದ. "ಅರಚದಂಗೆ ನೋಡ್ಕೊ ಪುಟ್ಟಿ. ಅದು ಆಚೆ ಬಂದ್ರೆ ನನ್ನ ಜೈಲಿಗೆ ಹಾಕ್ತಾರೆ," ಎಂದು ಹೊರಗಿನಿಂದ ಚಿಲಕ ಹಾಕಿಕೊಂಡು ಹೋದ.

ಒಂದು ಗವಾಕ್ಷಿ ಬಿಟ್ಟರೆ ಬೆಳಕಿಲ್ಲ. ಅಟ್ಟದ ತುಂಬ ಒಣಗುತ್ತಿದ್ದ ಕಾಯಿ, ಕೊಬ್ಬರಿಯ ಜಿಡ್ಡು ವಾಸನೆ, ಅದರ ನಡುವೆ ಹಸಿ ಕರುವಿನ ವಾಸನೆ. ಹೊರಗೆ ಕೆಂಪಿ ಅಂಬಾ ಅನ್ನುವುದು, ಒಳಗೆ ಇದು ಕಿವಿ ನಿಮಿರಿಸಿ ಕೂಗುವುದು. ಬೆರಳು ಕೊಟ್ಟೆ. ಚೀಪಿತು, ಏನೂ ಬರದಿದ್ದಾಗ ನನ್ನ ಹೊಟ್ಟೆಗೆ ಗುದ್ದಿತು. ಬಾಗಿಲು ಬಡಿದೆ, ಅಪ್ಪನನ್ನು ಬಯ್ದೆ, ಅತ್ತೆ. ಅಮ್ಮ ಗವಾಕ್ಷಿಯ ಹತ್ತಿರ ಬಂದು, "ಕರು ಬಾಯಿ ಹಾಕ್ದೆ ಒಂದು ತೊಟ್ಟೂ ಹಾಲು ಇಳಿಸ್ತಿಲ್ಲ ಕಣೇ," ಎಂದು ಬೆಲ್ಲದ ನೀರು ಕೊಟ್ಟಳು. ಕರು ಅದನ್ನು ನುಂಗಲಿಲ್ಲ, ಕಟಬಾಯಿಂದ ಸುರಿದುಹೋಯಿತು. ಮಧ್ಯಾಹ್ನದ ಹೊತ್ತಿಗೆ ಬೆರಳು ಚೀಪುವುದನ್ನೂ ಬಿಟ್ಟಿತು.

ಆಗ ಗವಾಕ್ಷಿಯಲ್ಲಿ ಚಿಕ್ಕಪ್ಪನ ಮುಖ ಕಂಡಿತು.

"ಪುಟ್ಟಿ, ಜೀವ ಐತಾ?"

"ಬಾಗ್ಲು ತೆಗಿ ಚಿಕ್ಕಪ್ಪ!"

"ಹೆಂಗೆ ತೆಗೀಲೇ? ನಾನೇ ಹೇಳಿ ಕೂಡಾಕ್ಸಿದ್ದು. ಅವ್ರು ನೋಡ್ತಾವ್ರೆ ಕಣೇ."

ಅವನ ಕಣ್ಣು ತುಂಬಿತ್ತು. ನನಗೆ ಕನಿಕರ ಬರಲಿಲ್ಲ, ಮೈ ಉರಿದುಹೋಯಿತು.

ಸಂಜೆ ಪೆಟ್ಟಿಗೆಗಳಿಗೆ ಅರಗಿನ ಮುದ್ರೆ ಬಿದ್ದ ಮೇಲೆ ಕರುವನ್ನು ಹೊತ್ತುಕೊಂಡು ಹೋಗಿ ಕೆಂಪಿಯ ಮುಂದಿಟ್ಟರೆ, ಅದು ಮೂಸಿ ನೋಡಿ ಹಿಂದೆ ಸರಿದು ಒದೆಯಿತು. ಮೈಯೆಲ್ಲ ಕೊಬ್ಬರಿ ವಾಸನೆಯಾಗಿದ್ದ ಕರು ಅದಕ್ಕೆ ತನ್ನದು ಅನ್ನಿಸಲಿಲ್ಲ. ಚಿಕ್ಕಪ್ಪ ಬೊಗಸೆಯಲ್ಲಿ ಉಪ್ಪು ಹಿಡಿದು ಓಡಿಬಂದ. "ಅಣ್ಣ, ಕರು ಮೈಗೆ ಸವರಿದ್ರೆ ನೆಕ್ತದೆ, ಕೊಡಿಲ್ಲಿ."

"ಹೋಗಿ ನಿನ್ನ ಕುದ್ರೆಗೆ ಸವರೋಗು," ಅಂದ ಅಪ್ಪ. "ನನ್ನ ಹಸು ಮುಟ್ಟಿದ್ರೆ ಕೈ ಕಡಿದಾಕ್ತೀನಿ."

"ಬುಡ್ರೀ ಮುಟ್ಲಿ, ಅವ್ರ ಕೈಗಾದ್ರೆ ಕೆಂಪಿ ನಿಲ್ತದೆ," ಎಂದು ಅಮ್ಮ ಕೈ ಮುಗಿದಳು. ಅಪ್ಪ ಕೇಳಲಿಲ್ಲ, ತಾನೇ ಉಪ್ಪು ಸವರಿದ. ಕೆಂಪಿ ಅವನನ್ನು ಹತ್ತಿರಕ್ಕೇ ಬಿಡಲಿಲ್ಲ. ಚಿಕ್ಕಪ್ಪ ಬೀದಿಯಲ್ಲೇ ನಿಂತು ನೋಡಿದ. ಬೆಳಗಾಗುವಷ್ಟರಲ್ಲಿ ಕರು ಸತ್ತಿತ್ತು.

ಅಪ್ಪನ ಪಕ್ಷ ಗೆದ್ದಿತು. ನಮ್ಮ ಮನೆ ಮುಂದೆ ಪಟಾಕಿ ಹೊಡೆದರು. ಆ ವಾರವೇ ಚಿಕ್ಕಪ್ಪ ಬೇರೆ ಒಲೆ ಹೂಡಿದ.

ಕೆಲವು ವರ್ಷಗಳಲ್ಲಿ ಆ ಪಕ್ಷ ಹಸು-ಕರುವನ್ನೇ ಬಿಟ್ಟು ಬೇರೆ ಗುರುತು ಹಿಡಿಯಿತು. ಕುದುರೆಯವರಂತೂ ಹೇಳಹೆಸರಿಲ್ಲದೆ ಹೋದರು. ಎಂಬತ್ತರ ದಶಕದ ಒಂದು ಚುನಾವಣೆಯಲ್ಲಿ ಅಪ್ಪ, ಚಿಕ್ಕಪ್ಪ ಇಬ್ಬರೂ ಒಂದೇ ಪಕ್ಷದ ಬಿಲ್ಲೆ ಚುಚ್ಚಿಕೊಂಡು ಅದೇ ಶಾಲೆಯ ಮುಂದೆ ಒಂದೇ ಬೆಂಚಿನಲ್ಲಿ ಕೂತಿದ್ದರು, ಭುಜಕ್ಕೆ ಭುಜ ತಾಗಿಕೊಂಡು. ನಾನು ಮಜ್ಜಿಗೆ ತೆಗೆದುಕೊಂಡು ಹೋಗಿದ್ದೆ.

"ಅವನ್ಗೂ ಬೇಕಾ ಕೇಳಮ್ಮ," ಅಂದ ಅಪ್ಪ ನನಗೆ.

"ಬ್ಯಾಡ ಅನ್ನು," ಅಂದ ಚಿಕ್ಕಪ್ಪ, ನನಗೇ.

ಒಡಹುಟ್ಟಿದವರ ನಡುವೆ ಉಳಿದಿದ್ದು ಅಷ್ಟೇ ಮಾತು. ಚಿಕ್ಕಪ್ಪ ತೀರಿಕೊಂಡ ಮೇಲೆ ಅದೂ ಇಲ್ಲ.