ಖಾನಾಪುರದ ಹವಾ

ಗಾಳಿ, ಗಿಡ, ಹೊಳೆ ಎಂದು ಯಾರಾದರೂ ಕಣ್ಣರಳಿಸಿ ಮಾತಾಡತೊಡಗಿದರೆ ನನಗೆ ನಮ್ಮ ಭಾವನವರು ನೆನಪಾಗಿ ಮೈಯುರಿಯುತ್ತದೆ. ಅವರು ನನ್ನ ಗಂಡನ ಅಣ್ಣ, ಬೆಳಗಾವಿಯಲ್ಲಿ ವಕೀಲರು. ಇಪ್ಪತ್ತರ ದಶಕದಲ್ಲಿ ನಾವೆಲ್ಲ ಟಿಳಕವಾಡಿಯ ಒಂದೇ ಮನೆಯಲ್ಲಿದ್ದೆವು. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಮಳೆಗಾಲದಲ್ಲಿ ಹಿಡಿದ ಕೆಮ್ಮು ಚಳಿಗಾಲ ಬಂದರೂ ಆಕೆಯನ್ನು ಬಿಟ್ಟಿರಲಿಲ್ಲ. ಏಳುವಾಗ ಗೋಡೆ ಹಿಡಿಯುತ್ತಿದ್ದಳು.

“ಔಷಧಕ್ಕಿಂತ ಹವಾ ಬದಲಾಗಬೇಕ್ರಿ,” ಎಂದರು ಡಾಕ್ಟರು. “ಖಾನಾಪುರಕ್ಕ ಕರಕೊಂಡ ಹೋಗ್ರಿ. ಹೊಳಿ ದಂಡಿಗೆ, ಗಿಡದ ಕೆಳಗ ಸುಮ್ಮನ ಕುಂದರಲಿ. ಕೆಲಸ ಹಚ್ಚಬ್ಯಾಡ್ರಿ.”

ಭಾವನವರು ಮಲಪ್ರಭೆಯ ಹತ್ತಿರ ಒಂದು ಮನೆ ಹಿಡಿದರು. ಅಷ್ಟೊಂದು ಹವಾ ಒಬ್ಬಳಿಗೇ ಯಾಕೆಂದು ಇಬ್ಬರು ವಕೀಲ ಗೆಳೆಯರನ್ನೂ ಕರೆದರು. ಅಡಿಗೆಗೆಂದು ನನ್ನನ್ನು ಕರೆದೊಯ್ದರು. ಮೂವರು ವಕೀಲರೂ ಬೆಳಿಗ್ಗೆ ತಲೆಗೆ ಮಫ್ಲರ್ ಸುತ್ತಿ ಹೊಳೆದಂಡೆಗೆ ಹೋಗಿ ಎದೆಯುಬ್ಬಿಸಿ ಉಸಿರೆಳೆಯುತ್ತಿದ್ದರು. ಕೈಲಾದರೆ ಗಾಳಿಗೂ ಫೀ ಹಾಕುತ್ತಿದ್ದ ಜನ!

“ಈ ಹವಾಕ್ಕ ಹಸಿವು ಭಾಳ ಆಗ್ತದ ನೋಡ್ರಿ,” ಎನ್ನುತ್ತ ಮರಳುತ್ತಿದ್ದರು. ಅವಲಕ್ಕಿ, ಭಜಿ, ಮತ್ತೆ ಚಹಾ, ಮತ್ತೆ ಊಟ. ಹಸಿ ಕಟ್ಟಿಗೆಯ ಹೊಗೆಯಲ್ಲಿ ನನ್ನೊಬ್ಬಳಿಂದ ಸಾಗಲಿಲ್ಲ. ಭಾವನವರಿಗಂತೂ ಕಡಲೆಹಿಟ್ಟಿನ ಝುಣಕ ಅಕ್ಕನ ಕೈಯದೇ ಆಗಬೇಕು. ಆಕೆ ಕೆಮ್ಮುತ್ತಲೇ ಊದುಗೊಳವೆ ಹಿಡಿದಳು. ಪಡಸಾಲೆಯಲ್ಲಿ ಕಾಡಿನ ಗುಣಗಾನ ನಡೆದಿತ್ತು.

ಒಂದು ಮಧ್ಯಾಹ್ನ ಗಂಡಸರು ಚಕ್ಕಡಿ ಹೂಡಿಸಿಕೊಂಡು ಅಡವಿ ನೋಡಲು ಹೋದರು. ನಾನು ಅಕ್ಕನ ಕೈಯಿಂದ ಸವುಟು ಕಿತ್ತಿಟ್ಟು ಆಕೆಯನ್ನು ಹೊಳೆಗೆ ಕರೆದೊಯ್ದೆ. ಮರದ ನೆರಳಲ್ಲಿ, ನೀರಿಗೆ ಕಾಲು ಬಿಟ್ಟು ಕುಳಿತಳು. ಮೊದಮೊದಲು, “ಕಡ್ಲಿಹಿಟ್ಟಿನ ಡಬ್ಬಿ ಮುಚ್ಚಿ ಬಂದಿ ಇಲ್ಲೊ?” ಎಂದು ಕೇಳುತ್ತಿದ್ದಳು. ಆಮೇಲೆ ಕೇಳಲಿಲ್ಲ. ಮೀನಿನ ಮರಿಗಳು ಕಾಲ್ಬೆರಳಿಗೆ ಮುತ್ತಿದಾಗ ನಕ್ಕಳು. ಖಾನಾಪುರಕ್ಕೆ ಬಂದಾಗಿನಿಂದ ನಾನು ಆ ನಗು ಕೇಳಿರಲಿಲ್ಲ. ಹೊತ್ತು ಇಳಿಯುವವರೆಗೆ ಒಮ್ಮೆಯೂ ಕೆಮ್ಮಲಿಲ್ಲ. ನನಗೆ ಸಂತೋಷದಿಂದ ಅಳು ಬಂದಿತ್ತು.

“ಮನಿ ಬಿಟ್ಟು ಇಲ್ಲಿ ಕೂತೀರೇನು?” ಹಿಂದಿನಿಂದ ಭಾವನವರ ದನಿ. “ಮಂದಿ ದಣದು ಬಂದಾರ. ಚಹಾ ಇಲ್ಲ, ಏನಿಲ್ಲ!”

ಮರುದಿನದಿಂದ ಹೊಳೆ ಗಂಡಸರಿಗಷ್ಟೇ ಉಳಿಯಿತು.

ತಿಂಗಳಾದ ಮೇಲೆ ರೈಲು ಹತ್ತಿದೆವು. ಭಾವನವರ ಹೊಟ್ಟೆ ಬೆಳೆದು ಕೋಟಿನ ಗುಂಡಿ ಹಾಕಲು ಬರುತ್ತಿರಲಿಲ್ಲ. ಅಕ್ಕ ಬೆಳಗಾವಿಯವರೆಗೂ ನನ್ನ ತೊಡೆಯ ಮೇಲೆ ಮಲಗಿದ್ದಳು. ಬಂದ ಮೇಲೆ ಭಾವನವರು ಓಣಿಯಲ್ಲಿ ಸಿಕ್ಕವರಿಗೆಲ್ಲ ನಿಸರ್ಗದ ಮಹಿಮೆ ಬೋಧಿಸಿದರು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಡಾಕ್ಟರು ಬಂದು ನಾಡಿ ಹಿಡಿದರು. ಅವರ ಮುಖ ಇಳಿಯಿತು.

“ಎಲ್ಲಾ ವ್ಯರ್ಥ ಆತ್ರಿ,” ಎಂದರು ಭಾವನವರು. “ಹೆಂಗಸರಿಗೆ ಆ ಹವಾ ಹತ್ತೂದಿಲ್ಲ ಕಾಣ್ತದ.”

ಪರಪುರುಷರೆದುರು ಎಂದೂ ಬಾಯಿ ಬಿಡದ ಅಕ್ಕ ಹಾಸಿಗೆಯಿಂದಲೇ ಹೇಳಿದಳು:

“ಹವಾ ಛಲೋ ಅದರೀ, ಡಾಕ್ಟರ. ನಾ ಒಂದ ಮಧ್ಯಾಹ್ನ ತಗೊಂಡೀನಿ.”