ನೋಡದೆ ತೊಳೆಯದ ಕೈ

ಬೆಳಗಿನ ಆರು ಗಂಟೆ. ಗಂಡಸರ ವಾರ್ಡಿನ ಕೊನೆಯ ಬಚ್ಚಲಿನಲ್ಲಿ ಆಯಮ್ಮ ಬೆಡ್‌ಪ್ಯಾನ್ ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದಾರೆ. ಬೇರೆಯವರು ಮೂಗು ಮುಚ್ಚಿಕೊಂಡು ಮಾರು ದೂರ ಓಡುವ ಕಡೆ ಇವರು ಸೂಜಿಗೆ ದಾರ ಪೋಣಿಸುವವರ ಹಾಗೆ ಕಣ್ಣು ಕಿರಿದು ಮಾಡಿ ನಿಂತಿದ್ದಾರೆ. ಅದು ಏಳನೇ ಮಂಚದ ಅಜ್ಜನದ್ದು. ಒಳಗಿನ ಮಲ ಡಾಂಬರಿನಷ್ಟು ಕಪ್ಪು. ಆಯಮ್ಮ ಅದಕ್ಕೆ ಮುಚ್ಚಳ ಹಾಕಿ ಮೂಲೆಯಲ್ಲಿಟ್ಟು, ಉಳಿದವನ್ನು ತೊಳೆಯತೊಡಗುತ್ತಾರೆ.

ಮೂವತ್ತೆರಡು ಮಂಚಕ್ಕೆ ಒಬ್ಬರೇ ಆಯಮ್ಮ. ದಿನಕ್ಕೆ ಕಡಿಮೆಯೆಂದರೂ ಐವತ್ತು ಪ್ಯಾನು, ಹೀಗೆ ಇಪ್ಪತ್ತೆರಡು ವರ್ಷ. ತೊಳೆಯುವ ಔಷಧಿ ಬೆರಳಿನ ಗೆರೆಗಳನ್ನೇ ತಿಂದುಹಾಕಿದೆ. ಹಾಜರಿ ಯಂತ್ರ ವಾರಕ್ಕೆರಡು ಸಲ ಇವರ ಗುರುತು ಸಿಗಲಿಲ್ಲ ಎನ್ನುತ್ತದೆ. ಯಂತ್ರವೇ ಮೇಲು, ಮನುಷ್ಯರು ಅಷ್ಟನ್ನೂ ಹೇಳುವುದಿಲ್ಲ.

ಎಂಟಕ್ಕೆ ಡಾಕ್ಟರ ರೌಂಡ್ಸ್. ಅಷ್ಟರೊಳಗೆ ವಾರ್ಡು ಫಳಫಳ ಅನ್ನಬೇಕೆಂದು ಸೂಪರ್‌ವೈಸರ್ ಆಜ್ಞೆ. ಹಾಗಾಗಿ ಡಾಕ್ಟರು ನೋಡಬೇಕಾದದ್ದೇ ಅವರು ಬರುವ ಮೊದಲು ಮೋರಿ ಸೇರುತ್ತದೆ. ಇದಕ್ಕೆ ಶುಚಿತ್ವ ಎಂದು ಹೆಸರು.

"ಕಬ್ಬಿಣದ ಮಾತ್ರೆ ತಿಂದ್ರೂ ಕಪ್ಪಗಾಗತ್ತೆ," ಎನ್ನುತ್ತಾರೆ ಆಯಮ್ಮ, ಉಜ್ಜುತ್ತಲೇ. "ಆದ್ರೆ ಹೊಟ್ಟೆ ಒಳಗೆ ರಕ್ತ ಸೋರಿ ಬಂದಿದ್ದು ಅಂಟಂಟಾಗಿರತ್ತೆ, ವಾಸನೇನೂ ಬೇರೆ. ಕೆಂಪಗೆ ಹೋದ್ರೆ ಜನ ಎದ್ದುಬಿದ್ದು ಓಡಿ ಬರ್ತಾರೆ. ಕಪ್ಪಗೆ ಹೋದ್ರೆ ಯಾರೂ ಹೆದರಲ್ಲ. ಅದೇ ಮೋಸ. ಇಂಥದ್ದೇ ಕಾಯಿಲೆ ಅನ್ನೋಕೆ ನಾನ್ಯಾರು? ತೋರಿಸೋದು ಅಷ್ಟೇ ನನ್ನ ಕೆಲಸ."

ಒಂಬತ್ತು ವರ್ಷದ ಹಿಂದೆ ಅವರು ತೋರಿಸಲಿಲ್ಲ. ಆಗ ಅವರ ಕೆಲಸ ಹೆಂಗಸರ ವಾರ್ಡಿನಲ್ಲಿತ್ತು. ತಲೆಸುತ್ತು, ಸುಸ್ತು ಎಂದು ಅಲ್ಲಿ ದಾಖಲಾದವರು ಆಯಮ್ಮನ ಸ್ವಂತ ಅಕ್ಕ. ಮಂಡಿನೋವಿಗೆಂದು ತಿಂಗಳುಗಟ್ಟಲೆ ಅಂಗಡಿಯ ಮಾತ್ರೆ ನುಂಗಿದ್ದವರು; ಅದು ಹೊಟ್ಟೆಯೊಳಗೆ ಹುಣ್ಣು ಮಾಡಿ ರಕ್ತ ಸೋರಿಸಬಹುದೆಂದು ಅವರಿಗೆ ಗೊತ್ತಿರಲಿಲ್ಲ.

"ಅಕ್ಕನ ಗಲೀಜು ನಾಲ್ಕು ಜನರ ಕಣ್ಣಿಗೆ ಬೀಳಬಾರದು ಅಂತ, ಬೆಳಕು ಹರಿಯೋಕೆ ಮುಂಚೆ ಮೊದಲು ಅವಳದ್ದನ್ನೇ ತೊಳೀತಿದ್ದೆ. ನಾನೂ ನೋಡಬಾರದು ಅಂತ ಮುಖ ತಿರುಗಿಸ್ಕೊಂಡು ತೊಳೆದೆ. ಮೂರು ದಿನ. ಅವಳ ಮಾನ ಕಾಪಾಡ್ತಿದ್ದೀನಿ ಅಂದ್ಕೊಂಡಿದ್ದೆ."

ಡಾಕ್ಟರು ಕೇಳಿದಾಗಲೆಲ್ಲ ಅಕ್ಕ ಸೆರಗು ಬಾಯಿಗೆ ಹಿಡಿದು "ಸರಿಯಾಗೇ ಆಗ್ತಿದೆ" ಎಂದರಂತೆ. ನಾಲ್ಕನೇ ಬೆಳಗ್ಗೆ ಹಾಸಿಗೆಯಲ್ಲೇ ಆಯಿತು. ಬಟ್ಟೆ ಬದಲಿಸುವಾಗ ಆಯಮ್ಮ ನೋಡಿದರು: ಡಾಂಬರು. ಮಧ್ಯಾಹ್ನಕ್ಕೆ ಅಕ್ಕ ಇರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಇದಕ್ಕೇ. ಹೇಳುವಾಗ ಅವರ ಕಣ್ಣಲ್ಲಿ ನೀರಿಲ್ಲ. ಉಜ್ಜುವ ಕೈ ಮಾತ್ರ ಒಂದೇ ಜಾಗದಲ್ಲಿ ಸುತ್ತುತ್ತಿದೆ.

ಏಳೂವರೆಗೆ ಸೂಪರ್‌ವೈಸರ್ ಬರುತ್ತಾರೆ. "ಏನ್ ಆಯಮ್ಮ, ಇದನ್ನೂ ಇಟ್ಕೊಂಡು ಪೂಜೆ ಮಾಡ್ತೀರಾ? ಸುರೀರಿ ಮೊದ್ಲು!"

"ತೋರಿಸಿ ಸುರೀತೀನಿ ಸಾರ್." ಈ ಒಂದು ಮಾತಿಗೆ ಈಗಾಗಲೇ ಎರಡು ನೋಟೀಸು ಬಂದಿವೆ.

ಏಳನೇ ಮಂಚದ ಅಜ್ಜನೂ ಸಪ್ಪೆ ಮುಖದಲ್ಲಿ ಬೇಡುತ್ತಾರೆ. "ಚೆಲ್ಲಿಬಿಡಮ್ಮ, ನಾಚಿಕೆಯಾಗತ್ತೆ."

"ನಾಚಿಕೆ ಆಮೇಲೆ ಪಡೋಣ ಅಜ್ಜ, ಮೊದ್ಲು ಬದುಕ್ಕೊಳ್ಳಿ."

ಎಂಟೂ ಕಾಲಿಗೆ ಬಂದ ಚಿಕ್ಕ ಡಾಕ್ಟರು ಫೈಲು ತಿರುವಿ, ಕಬ್ಬಿಣದ ಮಾತ್ರೆ ನಡೆಯುತ್ತಿದೆ, ಅದರ ಬಣ್ಣವಿರಬೇಕು ಎಂದು ಮುಂದಿನ ಮಂಚಕ್ಕೆ ಹೊರಡುತ್ತಾರೆ. ಆಯಮ್ಮ ದಾರಿಗೆ ಅಡ್ಡ ನಿಂತು ಮುಚ್ಚಳ ತೆಗೆಯುತ್ತಾರೆ. ಡಾಕ್ಟರು ಮುಖ ಕಿವುಚುತ್ತಾರೆ, ಬಗ್ಗುತ್ತಾರೆ, ಮತ್ತೆ ಬಗ್ಗುತ್ತಾರೆ. ಅಜ್ಜನ ನಾಡಿ ಹಿಡಿಯುತ್ತಾರೆ. "ರಕ್ತ ತರಿಸಿ, ಬೇಗ!" ಎನ್ನುವಷ್ಟರಲ್ಲಿ ಸ್ಟ್ರೆಚರ್ ಬರುತ್ತದೆ.

ಅಜ್ಜ ಉಳಿದರೋ ಇಲ್ಲವೋ, ಪಾಳಿ ಮುಗಿಯುವವರೆಗೂ ಯಾರೂ ಬಂದು ಹೇಳುವುದಿಲ್ಲ. ಆಯಮ್ಮನಿಗೆ ಹೇಳಬೇಕೆಂದು ಯಾರಿಗೂ ಹೊಳೆದಿಲ್ಲ.

ಏನಾದರೂ ಆಸೆ ಇದೆಯೇ ಎಂದರೆ ಬಚ್ಚಲಿನ ಗೋಡೆ ತೋರಿಸುತ್ತಾರೆ. "ಇಲ್ಲೊಂದು ಹಲಗೆ ಹೊಡೆಸಿಕೊಟ್ರೆ ಸಾಕು. ತೋರಿಸಬೇಕಾದ್ದನ್ನ ಮುಚ್ಚಿಡೋಕೆ."

ಪ್ಯಾನು ಬೋರಲು ಹಾಕಿ, ಕೈ ಒರೆಸಿಕೊಳ್ಳುತ್ತಾ ಮೆಲ್ಲಗೆ ಸೇರಿಸುತ್ತಾರೆ: "ನೋಡದೆ ತೊಳೆದಿದ್ದು ಅಕ್ಕಂದೇ ಕೊನೆ."