ಅತ್ತೆಯ ಭೂಪ್ರದಕ್ಷಿಣೆ

ಕೊತ್ತಂಬರಿ ಸೊಪ್ಪು ತರಲು ಹೊರಟರೂ ನಾನು ಗಂಡನನ್ನು ದಾರಿ ಕೇಳುವವಳು. ಅಟ್ಟೂರಿಗೆ ಸೊಸೆಯಾಗಿ ಬಂದು ಇಷ್ಟು ವರ್ಷವಾದರೂ ಹೊಸ ಬಡಾವಣೆಯ ಅಡ್ಡರಸ್ತೆಗಳೆಲ್ಲ ನನಗೆ ಅವಳಿಜವಳಿಗಳಂತೆಯೇ ಕಾಣುತ್ತವೆ. ಇಂಥವಳಿಗೆ ಪ್ರಕಾಶಕರೊಬ್ಬರು, ಲೋಕ ಸುತ್ತಿದ ಸಾಹಸಿ ಮಹಿಳೆಯರ ಬಗ್ಗೆ ಮಕ್ಕಳಿಗೊಂದು ಪುಸ್ತಕ ಬರೆದುಕೊಡಿ ಎಂದರು; ನೋಡಿ, ದಿಕ್ಕೇ ತಿಳಿಯದವಳು ದಿಗ್ವಿಜಯ ಬರೆಯಲು ಕುಳಿತೆ.

ಬರೆದದ್ದನ್ನು ಸಂಜೆ ಒಂಬತ್ತು ವರ್ಷದ ಮಗಳು ನಿಧಿಗೆ ಓದಿ ಹೇಳುವುದು ರೂಢಿಯಾಯಿತು. ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತ ಅತ್ತೆಯೂ ಕೇಳಿಸಿಕೊಳ್ಳುತ್ತಿದ್ದರು. ಅಟ್ಟೂರಿನಲ್ಲೇ ಹುಟ್ಟಿ, ಅಟ್ಟೂರಿನಲ್ಲೇ ಮದುವೆಯಾಗಿ, ರಾಗಿಯ ಹೊಲಗಳು ಸೈಟುಗಳಾಗುವುದನ್ನು ಜಗಲಿಯಿಂದಲೇ ನೋಡಿದವರು ಅವರು. ಎಲ್ಲಿಗೂ ಒಬ್ಬರೇ ಹೋದವರಲ್ಲ. ಗಂಡಸಿನ ವೇಷ ತೊಟ್ಟು, ಹಡಗು ಹತ್ತಿ, ಭೂಪ್ರದಕ್ಷಿಣೆ ಮಾಡಿದ ಫ್ರಾನ್ಸಿನ ಹೆಂಗಸಿನ ಕಥೆ ಬಂದ ದಿನ ಅವರ ಕೈ ನಿಂತಿತು.

“ಆವಮ್ಮ ವಾಪಸ್ ಬಂದ್ಲಾ?”

“ಬಂದ್ಲು ಅತ್ತೆ.”

“ಮನೇಲಿ ಯಾರೂ ಬೈಲಿಲ್ವಾ?”

ನಾನು ಆಕರಗ್ರಂಥಗಳ ಪುಟ ತಿರುವಿ ನೋಡಿದೆ; ಬೈಗುಳದ ಅಧ್ಯಾಯ ಯಾವುದರಲ್ಲೂ ಇರಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಅತ್ತೆ ರೇಷ್ಮೆ ಸೀರೆಯುಟ್ಟು ನಿಂತಿದ್ದರು. “ನನ್ನ ಯಶವಂತಪುರದ್ ತಾವ ಬಿಡಮ್ಮ. ಮೆಟ್ರೋದಾಗೆ ಒಬ್ಳೇ ಮೆಜೆಸ್ಟಿಕ್‌ಗೆ ಓಗ್ಬುಟ್ಟು ಬತ್ತೀನಿ.”

“ಕಳೆದುಹೋದ್ರೆ ಏನ್ ಮಾಡೋದು ಅತ್ತೆ? ನಾನೂ ಬರ್ತೀನಿ” ಎಂದೆ.

“ಅಮ್ಮಾ,” ಎಂದಳು ನಿಧಿ, “ನಿನ್ ಪುಸ್ತಕದಲ್ಲಿ ಹೀಗೆಲ್ಲ ಹೇಳೋರು ಕೆಟ್ಟವ್ರು.”

ಸ್ವಂತ ಕೃತಿಯಿಂದಲೇ ಹೀಗೆ ಪರಾಭವಗೊಂಡ ಲೇಖಕಿ ಬೇರೊಬ್ಬಳಿದ್ದಾಳೋ ಇಲ್ಲವೋ ಕಾಣೆ. ಯಶವಂತಪುರದಲ್ಲಿ ಅತ್ತೆ ಗೇಟು ದಾಟಿ, ಎಸ್ಕಲೇಟರಿನ ಮುಂದೆ ಕ್ಷಣ ಅನುಮಾನಿಸಿ, ಮೆಟ್ಟಿಲ ಕಡೆ ತಿರುಗಿ ಮಾಯವಾದರು. ನಾನೂ ನಿಧಿಯೂ ಕೆಳಗೆ ಕಾದೆವು. ರೈಲುಗಳು ಬಂದವು, ಜನ ಇಳಿದರು, ಅತ್ತೆ ಇಳಿಯಲಿಲ್ಲ. ಅತ್ತೆಯ ಫೋನು ರಿಂಗಾಗುತ್ತಲೇ ಇತ್ತು. ಹೊರಟವರ ಬಗ್ಗೆ ಅಷ್ಟೆಲ್ಲ ಬರೆದ ನಾನು, ದಡದಲ್ಲಿ ಕಾದವರ ಎದೆಬಡಿತವನ್ನು ಆ ದಿನವೇ ಮೊದಲು ಕೇಳಿದ್ದು.

ಕೊನೆಗೂ ಅತ್ತೆ ಬಂದರು. ಸೆರಗು ಜಾರಿತ್ತು, ಮುಖ ಅರಳಿತ್ತು.

“ಮೆಜೆಸ್ಟಿಕ್ ಬರ್ಲೇ ಇಲ್ಲ ಕಣಮ್ಮ. ಆ ಕಡೆ ರೈಲು ಅತ್ತೋ ಬದ್ಲು ಈ ಕಡೇದು ಅತ್ಬುಟ್ಟೆ. ನಾಗಸಂದ್ರ ಅಂತೆ, ಅಲ್ಲಿಗೇ ಕೊನೆ. ಅದೂ ಚೆಂದಾಗೈತೆ.”

“ಫೋನ್ ಯಾಕೆ ಎತ್ತಲಿಲ್ಲ ಅತ್ತೆ?”

“ಕಿಟಕಿ ಬುಟ್ಟು ಅದನ್ಯಾರು ನೋಡ್ತಾರೆ!”

ನಿಧಿ ಅಜ್ಜಿಯ ಕೈ ಹಿಡಿದು ಕುಣಿಯತೊಡಗಿದಳು. ನನ್ನ ಕಣ್ಣು ಒದ್ದೆಯಾದದ್ದನ್ನು ಕಂಡು ಅತ್ತೆ ಬೆನ್ನು ಸವರಿದರು.

“ಮುಂದಿನ್ ವಾರ ಮೆಜೆಸ್ಟಿಕ್‌ಗೆ ನೀನೂ ಬಾ. ಎದರ್ಕೋಬ್ಯಾಡ, ನಾನಿರ್ತೀನಿ.”